ಹುಡುಗಿಯೂ ಮುದುಕಿಯೂ: ಪತ್ತೇದಾರಿ ಪುಸ್ತಕಗಳ ಒಂದು ಇತಿಹಾಸ

ಇತಿಹಾಸ ಪಾಠ ಹೇಳಿದವರಿಗೆ ಇಸವಿಗಳ ಗೀಳು ನಿವೃತ್ತಿಯ ನಂತರವೂ ಬಿಡುವುದಿಲ್ಲ. ನನ್ನ ತರಗತಿಯಲ್ಲಿ ಕುಳಿತು ಪಾಣಿಪತ್ ಕದನಗಳ ಇಸವಿಗಳನ್ನು ಬಾಯಿಪಾಠ ಮಾಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. 1930 ಎಂದೊಡನೆ ನಮಗೆಲ್ಲ ನೆನಪಾಗುವುದು ದಂಡಿಯಾತ್ರೆ, ಉಪ್ಪಿನ ಸತ್ಯಾಗ್ರಹ. ಅದೇ ವರ್ಷ, ಪರೀಕ್ಷೆಯಲ್ಲಿ ಎಂದೂ ಪ್ರಶ್ನೆಯಾಗಿ ಬಾರದ ಎರಡು ಸಣ್ಣ ಘಟನೆಗಳು ನಡೆದವು. ಏಪ್ರಿಲ್ ತಿಂಗಳ 28ರಂದು ಅಮೆರಿಕದಲ್ಲಿ ನ್ಯಾನ್ಸಿ ಡ್ರೂ ಎಂಬ ಹದಿನಾರು ವರ್ಷದ ಹುಡುಗಿ ಪತ್ತೇದಾರಳಾಗಿ ಪುಸ್ತಕದ ಅಂಗಡಿಗೆ ಬಂದಳು. ಕೆಲವು ತಿಂಗಳುಗಳ ನಂತರ, ಅಕ್ಟೋಬರ್‌ನಲ್ಲಿ, ಇಂಗ್ಲೆಂಡಿನಲ್ಲಿ ಅಗಾಥಾ ಕ್ರಿಸ್ಟಿಯವರ ‘ದಿ ಮರ್ಡರ್ ಅಟ್ ದಿ ವಿಕರೇಜ್’ ಪ್ರಕಟವಾಯಿತು. ಅದರಲ್ಲಿ ಮಿಸ್ ಮಾರ್ಪಲ್ ಎಂಬ ಅವಿವಾಹಿತ ಮುದುಕಿ ಮೊದಲ ಬಾರಿಗೆ ಕಾದಂಬರಿಯೊಂದರ ಪತ್ತೇದಾರಳಾದಳು.

ಒಬ್ಬಳು ಮೀಸೆ ಬಾರದ ಹುಡುಗರಿಗೂ ಜಡೆ ಹಾಕುವ ಹುಡುಗಿಯರಿಗೂ ಗೆಳತಿಯಾದಳು. ಮತ್ತೊಬ್ಬಳು ಕನ್ನಡಕ ಹಾಕಿಕೊಂಡು ಆರಾಮಕುರ್ಚಿಯಲ್ಲಿ ಓದುವವರ ಸಂಗಾತಿಯಾದಳು. ಬಾಲ್ಯದಲ್ಲಿ ಮೊದಲನೆಯವಳನ್ನು ಓದಿದವರು ವಯಸ್ಸಾದ ಮೇಲೆ ಎರಡನೆಯವಳ ಬಳಿಗೆ ಹೋಗುವುದು ಲೋಕದಲ್ಲೆಲ್ಲ ಕಂಡುಬರುವ ಸಂಗತಿ. ಇದು ಕೇವಲ ಹಳೆಯ ದಿನಗಳ ಹಂಬಲವೇ, ಅಥವಾ ಇದಕ್ಕೆ ಬೇರೆ ಕಾರಣವೂ ಇದೆಯೇ ಎಂಬ ಪ್ರಶ್ನೆ ನನ್ನನ್ನು ಬಹುದಿನದಿಂದ ಕಾಡುತ್ತಿದೆ. ಅದಕ್ಕೆ ಉತ್ತರ ಹುಡುಕುವ ಮೊದಲು, ಈ ಪುಸ್ತಕಗಳು ಹುಟ್ಟಿದ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಆ ಕತೆಯೇ ಒಂದು ಪತ್ತೇದಾರಿ ಕತೆಯಂತಿದೆ.

ಎಡ್ವರ್ಡ್ ಸ್ಟ್ರೇಟ್‌ಮೇಯರ್ ಎಂಬುವರು 1862ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ, ಜರ್ಮನಿಯಿಂದ ವಲಸೆ ಬಂದ ಕುಟುಂಬದಲ್ಲಿ ಹುಟ್ಟಿದರು. ಹೊಗೆಸೊಪ್ಪಿನ ಅಂಗಡಿಯಲ್ಲಿ ಕುಳಿತು, ಪೊಟ್ಟಣ ಕಟ್ಟುವ ಕಂದು ಕಾಗದದ ಮೇಲೆ ಮೊದಲ ಕತೆ ಬರೆದರೆಂದು ಅವರ ಬಗ್ಗೆ ಹೇಳುತ್ತಾರೆ. ಹುಡುಗರಿಗೆ ಬೇಕಾದ ಕತೆ ಯಾವುದೆಂಬುದು ಅವರಿಗೆ ಚೆನ್ನಾಗಿ ತಿಳಿದಿತ್ತು. ತಲೆಯಲ್ಲಿ ಮೂಡುವ ಕತೆಗಳೆಲ್ಲವನ್ನೂ ಬರೆಯಲು ಎರಡು ಕೈ ಸಾಲುವುದಿಲ್ಲ ಎಂಬುದೂ ಬೇಗನೆ ತಿಳಿಯಿತು. ಆದುದರಿಂದ 1905ರ ಸುಮಾರಿಗೆ ಅವರು ಒಂದು ಸಂಸ್ಥೆಯನ್ನೇ ಕಟ್ಟಿದರು. ಅದೇ ಸ್ಟ್ರೇಟ್‌ಮೇಯರ್ ಸಿಂಡಿಕೇಟ್. ಒಂದು ಡಾಲರಿಗೂ ಹೆಚ್ಚಿನ ಬೆಲೆಯ ಮಕ್ಕಳ ಪುಸ್ತಕಗಳಿದ್ದ ಕಾಲದಲ್ಲಿ ಅವರು ಐವತ್ತು ಸೆಂಟಿಗೆ ಗಟ್ಟಿ ರಟ್ಟಿನ ಪುಸ್ತಕವನ್ನು ಮಾರಿದರು. ಅಪ್ಪ ಅಮ್ಮ ಆರಿಸಿ ಕೊಡುವ ಪುಸ್ತಕದ ಕಾಲ ಹೋಗಿ, ಮಕ್ಕಳೇ ಕೂಡಿಟ್ಟ ಕಾಸಿನಿಂದ ಕೊಳ್ಳುವ ಪುಸ್ತಕದ ಕಾಲ ಬಂದಿತು.

ಸಿಂಡಿಕೇಟಿನ ಕೆಲಸದ ರೀತಿ ಹೀಗಿತ್ತು. ಕತೆಯ ಹಂದರವನ್ನು ಸ್ಟ್ರೇಟ್‌ಮೇಯರ್ ಕೆಲವು ಪುಟಗಳಲ್ಲಿ ತಾವೇ ಬರೆಯುತ್ತಿದ್ದರು. ಅದನ್ನು ಅಂಚೆಯಲ್ಲಿ ಒಬ್ಬ ಬರಹಗಾರನಿಗೆ ಕಳುಹಿಸುತ್ತಿದ್ದರು. ಆತ ಕೆಲವು ವಾರಗಳಲ್ಲಿ ಅದನ್ನು ಇನ್ನೂರು ಪುಟದ ಪುಸ್ತಕವಾಗಿ ಬೆಳೆಸಿ ಕೊಡಬೇಕು. ಪ್ರತಿ ಅಧ್ಯಾಯದ ಕೊನೆಗೆ ನಾಯಕ ಅಪಾಯದಲ್ಲಿರಬೇಕು. ದೀಪ ಆರಿಸಲು ಮಕ್ಕಳಿಗೆ ಮನಸ್ಸು ಬರಬಾರದು. ಪುಸ್ತಕದ ಆರಂಭದಲ್ಲಿ ಹಿಂದಿನ ಸಾಹಸಗಳ ಪ್ರಸ್ತಾಪ, ಕೊನೆಯಲ್ಲಿ ಮುಂದಿನ ಸಾಹಸದ ಸೂಚನೆ ಇರಬೇಕು. ಬರೆದವನಿಗೆ ಒಮ್ಮೆಗೇ ನಿಗದಿಯಾದ ಸಂಭಾವನೆ. ಮುಂದೆ ಲಕ್ಷ ಪ್ರತಿ ಮಾರಾಟವಾದರೂ ಅದರಲ್ಲಿ ಆತನಿಗೆ ಕಾಸಿನ ಪಾಲಿಲ್ಲ. ರಟ್ಟಿನ ಮೇಲೆ ಆತನ ಹೆಸರೂ ಇಲ್ಲ. ಅಲ್ಲಿರುವುದು ಸಂಸ್ಥೆಯೇ ಸೃಷ್ಟಿಸಿದ ಒಂದು ಕಲ್ಪಿತ ಹೆಸರು.

1927ರಲ್ಲಿ ಬಂದ ‘ಹಾರ್ಡಿ ಬಾಯ್ಸ್’ ಸರಣಿಯ ರಟ್ಟಿನ ಮೇಲೆ ಫ್ರಾಂಕ್ಲಿನ್ ಡಬ್ಲ್ಯೂ. ಡಿಕ್ಸನ್ ಎಂದಿತ್ತು. ಅಂಥ ವ್ಯಕ್ತಿಯೇ ಇರಲಿಲ್ಲ! ಮೊದಲ ಪುಸ್ತಕಗಳನ್ನು ಬರೆದವರು ಕೆನಡಾದ ಲೆಸ್ಲಿ ಮ್ಯಾಕ್‌ಫರ್ಲೇನ್ ಎಂಬ ಯುವ ಪತ್ರಕರ್ತರು. ಪತ್ರಿಕೆಯಲ್ಲಿ ಬಂದ ಒಂದು ಜಾಹೀರಾತಿಗೆ ಉತ್ತರ ಬರೆದು ಅವರು ಈ ಕೆಲಸ ಹಿಡಿದರು. ಮೊದಲ ಪುಸ್ತಕಕ್ಕೆ ಅವರಿಗೆ ದೊರೆತದ್ದು 125 ಡಾಲರ್. ಮುಂದೆ ಎಷ್ಟೋ ವರ್ಷಗಳ ಮೇಲೆ, ಅವರ ಮಗ ಮನೆಯ ಕಪಾಟಿನಲ್ಲಿದ್ದ ಹಾರ್ಡಿ ಬಾಯ್ಸ್ ಪುಸ್ತಕಗಳನ್ನು ಕಂಡು, ನೀವೂ ಬಾಲ್ಯದಲ್ಲಿ ಇವನ್ನು ಓದಿದ್ದಿರಾ ಎಂದು ಕೇಳಿದನಂತೆ. ಇವನ್ನು ಬರೆದವನೇ ನಾನು ಎಂಬ ಮಾತನ್ನು ಹುಡುಗ ಮೊದಲಿಗೆ ನಂಬಲಿಲ್ಲವಂತೆ. ಮ್ಯಾಕ್‌ಫರ್ಲೇನ್ 1976ರಲ್ಲಿ ಪ್ರಕಟಿಸಿದ ತಮ್ಮ ನೆನಪುಗಳ ಪುಸ್ತಕದಲ್ಲಿ ಈ ಪ್ರಸಂಗ ಬರುತ್ತದೆ. ತಂದೆಯ ಕಸುಬೇನೆಂದು ಮಗನಿಗೇ ತಿಳಿಯದ ಹಾಗೆ ಲಕ್ಷಾಂತರ ಮಕ್ಕಳನ್ನು ರಂಜಿಸಿದ ಆ ಮನುಷ್ಯನನ್ನು ನೆನೆದರೆ ನಗುವೂ ಬರುತ್ತದೆ, ಮರುಕವೂ ಆಗುತ್ತದೆ.

ಇನ್ನು ನ್ಯಾನ್ಸಿ ಡ್ರೂ. ಹಾರ್ಡಿ ಸಹೋದರರ ಯಶಸ್ಸನ್ನು ಕಂಡು ಸ್ಟ್ರೇಟ್‌ಮೇಯರ್ ಹುಡುಗಿಯರಿಗಾಗಿಯೂ ಅಂಥದೊಂದು ಸರಣಿಯನ್ನು ಯೋಚಿಸಿದರು. ತಾಯಿಯಿಲ್ಲದ ಹುಡುಗಿ, ವಕೀಲ ತಂದೆ, ಮನೆವಾರ್ತೆ ನೋಡಿಕೊಳ್ಳುವ ಹನ್ನಾ, ಓಡಿಸಲು ಒಂದು ನೀಲಿ ಕಾರು, ವಾಸಕ್ಕೆ ರಿವರ್ ಹೈಟ್ಸ್ ಎಂಬ ಕಲ್ಪಿತ ಊರು. ಬರೆಯುವ ಕೆಲಸ ಅಯೋವಾ ರಾಜ್ಯದ ಮಿಲ್ಡ್ರೆಡ್ ವರ್ಟ್ ಎಂಬ ತರುಣಿಗೆ ಹೋಯಿತು. ಮುಂದೆ ಅವರು ಮಿಲ್ಡ್ರೆಡ್ ವರ್ಟ್ ಬೆನ್ಸನ್ ಎಂದು ಪ್ರಸಿದ್ಧರಾದರು. 1905ರಲ್ಲಿ ಹುಟ್ಟಿದ ಈಕೆ ಅಯೋವಾ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮದ ಸ್ನಾತಕೋತ್ತರ ಪದವಿ ಪಡೆದ ಮೊದಲ ಮಹಿಳೆ. ಅವರು ನ್ಯಾನ್ಸಿಯನ್ನು ಅಳುಮುಂಜಿಯಾಗಿ ಬರೆಯಲಿಲ್ಲ. ನ್ಯಾನ್ಸಿ ದೊಡ್ಡವರ ಎದುರು ನಿಂತು ಪ್ರಶ್ನೆ ಕೇಳುತ್ತಾಳೆ, ಕೆಟ್ಟ ಕಾರನ್ನು ತಾನೇ ಸರಿಪಡಿಸುತ್ತಾಳೆ, ಬೀಗ ಹಾಕಿದ ಕೋಣೆಯಿಂದ ತಾನೇ ದಾರಿ ಹುಡುಕಿಕೊಂಡು ಹೊರಬರುತ್ತಾಳೆ. ಮೊದಲ ಮೂರು ಪುಸ್ತಕಗಳು ಒಟ್ಟಿಗೇ ಬಂದವು. ಅವು ಬಂದ ಹನ್ನೆರಡನೆಯ ದಿನ, ಅಂದರೆ 1930ರ ಮೇ 10ರಂದು, ಸ್ಟ್ರೇಟ್‌ಮೇಯರ್ ತೀರಿಕೊಂಡರು. ತಾವು ನೆಟ್ಟ ಗಿಡ ಎಷ್ಟು ದೊಡ್ಡ ಮರವಾಯಿತೆಂಬುದನ್ನು ಅವರು ನೋಡಲಿಲ್ಲ.

ಸಂಸ್ಥೆಯ ಹೊಣೆ ಅವರ ಇಬ್ಬರು ಹೆಣ್ಣುಮಕ್ಕಳ ಹೆಗಲಿಗೆ ಬಿದ್ದಿತು. ಮುಖ್ಯವಾಗಿ ಹಿರಿಯ ಮಗಳು ಹ್ಯಾರಿಯೆಟ್ ಆ್ಯಡಮ್ಸ್ ಅದನ್ನು ಅರ್ಧ ಶತಮಾನ ನಡೆಸಿದರು. ಆರ್ಥಿಕ ಮುಗ್ಗಟ್ಟಿನ ಆ ಕಾಲದಲ್ಲಿ ಸಂಭಾವನೆಯನ್ನು 75 ಡಾಲರಿಗೆ ಇಳಿಸಿದಾಗ ಮಿಲ್ಡ್ರೆಡ್ ಸ್ವಲ್ಪ ಕಾಲ ಬರೆಯಲು ಒಪ್ಪಲಿಲ್ಲ. ಮೂರು ಪುಸ್ತಕಗಳನ್ನು ಬೇರೊಬ್ಬರು ಬರೆದರು. ಹಾಗಿದ್ದರೂ ಮೊದಲ ಮೂವತ್ತರಲ್ಲಿ ಇಪ್ಪತ್ತಮೂರು ಪುಸ್ತಕಗಳು ಮಿಲ್ಡ್ರೆಡ್ ಅವರವು. ರಟ್ಟಿನ ಮೇಲೆ ಮಾತ್ರ ಕ್ಯಾರೊಲಿನ್ ಕೀನ್ ಎಂಬ ಕಲ್ಪಿತ ಹೆಸರು. ಕಾಲ ಕಳೆದಂತೆ ಹ್ಯಾರಿಯೆಟ್ ಆ್ಯಡಮ್ಸ್ ತಾವೇ ಕ್ಯಾರೊಲಿನ್ ಕೀನ್ ಎಂದು ಲೋಕಕ್ಕೆ ಪರಿಚಯವಾದರು. ನಿಜ ಹೊರಬಿದ್ದುದು 1980ರಲ್ಲಿ, ನ್ಯೂಯಾರ್ಕಿನ ನ್ಯಾಯಾಲಯದಲ್ಲಿ. ಪ್ರಕಾಶಕರ ನಡುವಿನ ಒಂದು ವ್ಯಾಜ್ಯದಲ್ಲಿ ಸಾಕ್ಷಿ ಹೇಳಲು ಮಿಲ್ಡ್ರೆಡ್ ಅವರನ್ನು ಕರೆಸಲಾಯಿತು. ಕಟಕಟೆಯಲ್ಲಿ ನಿಂತ ಅವರು ಮೊದಲ ಪುಸ್ತಕಗಳನ್ನು ಬರೆದವರು ಯಾರೆಂದು ಹೇಳಿದರು. ಐವತ್ತು ವರ್ಷದ ಗುಟ್ಟು ಹೀಗೆ ದಾಖಲೆಗಳ ಆಧಾರದ ಮೇಲೆ ಬಯಲಾಯಿತು. 1993ರಲ್ಲಿ ಅವರದೇ ವಿಶ್ವವಿದ್ಯಾಲಯದಲ್ಲಿ ನ್ಯಾನ್ಸಿ ಡ್ರೂ ಕುರಿತು ವಿದ್ವಾಂಸರ ಸಮ್ಮೇಳನ ನಡೆದಾಗ ಅವರಿಗೆ ಸಲ್ಲಬೇಕಾದ ಗೌರವ ಸಂದಿತು. ಟೊಲೀಡೊ ನಗರದ ಪತ್ರಿಕೆಯಲ್ಲಿ ಜೀವನದ ಕೊನೆಯವರೆಗೂ ಕೆಲಸ ಮಾಡಿದ ಆ ತಾಯಿ 2002ರಲ್ಲಿ, 96ನೆಯ ವಯಸ್ಸಿನಲ್ಲಿ ನಿಧನರಾದರು.

ಇಷ್ಟೆಲ್ಲ ಜನಪ್ರಿಯವಾದ ಪುಸ್ತಕಗಳನ್ನು ಆ ಕಾಲದ ಹಿರಿಯರು ಮೆಚ್ಚಿದರೆಂದು ಭಾವಿಸಬೇಡಿ. ಫ್ರಾಂಕ್ಲಿನ್ ಮ್ಯಾಥ್ಯೂಸ್ ಎಂಬ ಅಮೆರಿಕದ ಬಾಯ್ ಸ್ಕೌಟ್ ಸಂಸ್ಥೆಯ ಗ್ರಂಥಪಾಲಕರು 1914ರಲ್ಲಿಯೇ ಇಂಥ ಅಗ್ಗದ ಸರಣಿಗಳ ವಿರುದ್ಧ ಲೇಖನ ಬರೆದು, ಇವು ಹುಡುಗರ ಕಲ್ಪನಾಶಕ್ತಿಯನ್ನೇ ಸಿಡಿಸಿ ಹಾಳುಮಾಡುತ್ತವೆ ಎಂದು ಎಚ್ಚರಿಸಿದ್ದರು. ಅನೇಕ ಗ್ರಂಥಾಲಯಗಳು ದಶಕಗಳ ಕಾಲ ಇವನ್ನು ಕಪಾಟಿಗೆ ಸೇರಿಸಲಿಲ್ಲ. ಆದರೆ ಕಾಲ ಎಂತಹ ತಮಾಷೆ ಮಾಡುತ್ತದೆ ನೋಡಿ. ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ಪೀಠವೇರಿದ ಮೊದಲ ಮೂವರು ಮಹಿಳೆಯರಾದ ಸ್ಯಾಂಡ್ರಾ ಡೇ ಓಕಾನರ್, ರೂತ್ ಬೇಡರ್ ಗಿನ್ಸ್‌ಬರ್ಗ್ ಮತ್ತು ಸೋನಿಯಾ ಸೊಟೊಮೇಯರ್, ಮೂವರೂ ಬಾಲ್ಯದಲ್ಲಿ ತಮಗೆ ಪ್ರಿಯಳಾಗಿದ್ದ ನ್ಯಾನ್ಸಿಯನ್ನು ನೆನೆದಿದ್ದಾರೆ. ಸಾಕ್ಷ್ಯವನ್ನು ತೂಗಿ ನೋಡುವ ಅಭ್ಯಾಸ ಅವರಲ್ಲಿ ಎಲ್ಲಿಂದ ಮೊಳೆಯಿತೆಂದು ಹೇಳುವವರಾರು?

ಅಟ್ಲಾಂಟಿಕ್ ಸಾಗರದ ಈಚೆಗೂ ಮಕ್ಕಳು ಪತ್ತೇದಾರರಾಗುತ್ತಿದ್ದರು. 1929ರಲ್ಲಿ ಜರ್ಮನಿಯ ಎರಿಕ್ ಕೆಸ್ಟ್ನರ್ ‘ಎಮಿಲ್ ಮತ್ತು ಪತ್ತೇದಾರರು’ ಎಂಬ ಕತೆ ಬರೆದರು. ರೈಲಿನಲ್ಲಿ ಹಣ ಕಳೆದುಕೊಂಡ ಎಮಿಲ್ ಎಂಬ ಹುಡುಗ ಬರ್ಲಿನ್ ನಗರದ ಮಕ್ಕಳ ದಂಡನ್ನೇ ಕಟ್ಟಿಕೊಂಡು ಕಳ್ಳನ ಬೆನ್ನುಹತ್ತುವ ಕತೆಯದು. 1933ರ ಮೇ 10ರಂದು ನಾಜಿಗಳು ಬರ್ಲಿನ್ನಿನಲ್ಲಿ ಪುಸ್ತಕಗಳನ್ನು ಸುಟ್ಟಾಗ ಕೆಸ್ಟ್ನರ್ ಅವರ ಪುಸ್ತಕಗಳೂ ಬೆಂಕಿಗೆ ಬಿದ್ದವು. ಆ ಗುಂಪಿನಲ್ಲಿ ನಿಂತು ಅವರೇ ಅದನ್ನು ಕಂಡರು. ಆದರೆ ಎಮಿಲ್‌ನ ಕತೆಯನ್ನು ಅಂದು ಸುಡಲಿಲ್ಲ. ಮಕ್ಕಳು ಅಷ್ಟೊಂದು ಪ್ರೀತಿಸಿದ ಪುಸ್ತಕದ ಮೇಲೆ ಕೈಮಾಡಲು ಆ ನಿರ್ದಯರಿಗೂ ಅಳುಕಿತ್ತೆಂದು ತೋರುತ್ತದೆ.

ಇಂಗ್ಲೆಂಡಿನ ಎನಿಡ್ ಬ್ಲೈಟನ್ ಅವರ ಹೆಸರನ್ನು ನಿಮ್ಮಲ್ಲಿ ಇಂಗ್ಲಿಷ್ ಪುಸ್ತಕ ಓದಿ ಬೆಳೆದವರಿಗೆ ಹೇಳಿಕೊಡಬೇಕಾಗಿಲ್ಲ. 1942ರಲ್ಲಿ, ಮಹಾಯುದ್ಧದ ನಡುವೆ, ಕಾಗದಕ್ಕೂ ಸಕ್ಕರೆಗೂ ಅಭಾವವಿದ್ದ ದಿನಗಳಲ್ಲಿ ‘ಫೇಮಸ್ ಫೈವ್’ ಆರಂಭವಾಯಿತು. 1963ರವರೆಗೆ 21 ಪುಸ್ತಕಗಳು ಬಂದವು. 1943ರಿಂದ 1961ರವರೆಗೆ ‘ಫೈವ್ ಫೈಂಡ್‌ಔಟರ್ಸ್’ ಸರಣಿಯ 15, 1949ರಿಂದ 1963ರವರೆಗೆ ‘ಸೀಕ್ರೆಟ್ ಸೆವೆನ್’ ಸರಣಿಯ 15. ಬಾಂಬುಗಳು ಬೀಳುತ್ತಿದ್ದ ನಾಡಿನ ಮಕ್ಕಳಿಗೆ ಈ ಕತೆಗಳು ಸಮುದ್ರದ ದಂಡೆ, ಗುಪ್ತ ಸುರಂಗ, ಬುಟ್ಟಿ ತುಂಬ ತಿಂಡಿ, ನಂಬಿಕಸ್ಥ ನಾಯಿ ಎಲ್ಲವನ್ನೂ ಕೊಟ್ಟವು. ಬಿ.ಬಿ.ಸಿ. ರೇಡಿಯೊ ಅವರ ಕತೆಗಳನ್ನು ಸತ್ತ್ವವಿಲ್ಲದವೆಂದು ದಶಕಗಳ ಕಾಲ ದೂರವಿಟ್ಟಿತು. ಮಕ್ಕಳು ಮಾತ್ರ ಬಿಡಲಿಲ್ಲ. ನಮ್ಮ ದೇಶದ ಬಾಡಿಗೆ ಪುಸ್ತಕದ ಅಂಗಡಿಗಳಲ್ಲಿ ಮೂಲೆ ಮಡಚಿದ, ಬೆನ್ನು ಕಿತ್ತ ಆ ಪುಸ್ತಕಗಳು ಎಷ್ಟು ಕೈ ಬದಲಾಯಿಸಿದವೋ ಲೆಕ್ಕವಿಲ್ಲ. ದಪ್ಪಗಿದ್ದು ಎಲ್ಲರಿಂದ ‘ಫ್ಯಾಟಿ’ ಎನಿಸಿಕೊಂಡ ಹುಡುಗನೇ ಎಲ್ಲರಿಗಿಂತ ಬುದ್ಧಿವಂತನಾಗಿ, ಊರಿನ ಜಂಬದ ಪೊಲೀಸಿನವನನ್ನು ಪ್ರತಿ ಪುಸ್ತಕದಲ್ಲಿಯೂ ಸೋಲಿಸುವುದನ್ನು ಓದಿ ಹಿಗ್ಗದ ಮಗು ಯಾವುದು!

ನನ್ನ ಪೀಳಿಗೆಯ ಕನ್ನಡ ಶಾಲೆಯ ಮಕ್ಕಳಿಗೆ ಫ್ಯಾಟಿಯಾಗಲಿ ನ್ಯಾನ್ಸಿಯಾಗಲಿ ಬಾಲ್ಯದಲ್ಲಿ ಸಿಗಲಿಲ್ಲ. ನಮಗೆ ಸಿಕ್ಕವರು ಎನ್. ನರಸಿಂಹಯ್ಯನವರು. ಪ್ರಾಥಮಿಕ ಶಾಲೆಯ ಆಚೆಗೆ ಓದಲು ಅನುಕೂಲವಿಲ್ಲದೆ, ಹೊಟ್ಟೆಪಾಡಿಗೆ ಸಣ್ಣಪುಟ್ಟ ಕೆಲಸಗಳನ್ನು ಮಾಡಿ, 1950ರ ದಶಕದಿಂದ ಐನೂರಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದ ಮಹಾನುಭಾವರು ಅವರು. ಪತ್ತೇದಾರ ಪುರುಷೋತ್ತಮ, ಮಧುಸೂದನ, ಅರಿಂಜಯ ಇವರೆಲ್ಲ ನಮ್ಮ ಓಣಿಯಲ್ಲೇ ಓಡಾಡುವ ಮನುಷ್ಯರಂತೆ ಭಾಸವಾಗುತ್ತಿದ್ದರು. ನಮ್ಮ ತಾಲ್ಲೂಕು ಕೇಂದ್ರದ ಬಾಡಿಗೆ ಗ್ರಂಥಾಲಯದಲ್ಲಿ ದಿನಕ್ಕಿಷ್ಟು ಪೈಸೆಯೆಂದು ಕೊಟ್ಟು ತಂದ ಪುಸ್ತಕವನ್ನು ಮರುದಿನ ಹಿಂತಿರುಗಿಸುವುದರೊಳಗೆ ಅಣ್ಣ, ಅಕ್ಕ, ಪಕ್ಕದ ಮನೆಯ ಚಿಕ್ಕಮ್ಮ ಎಲ್ಲರೂ ಸರದಿಯ ಮೇಲೆ ಓದಿ ಮುಗಿಸಬೇಕಾಗಿತ್ತು. ಕೊನೆಯ ಪುಟ ಹರಿದುಹೋಗಿದ್ದರೆ ಕೊಲೆಗಾರ ಯಾರೆಂದು ಮನೆಮಂದಿಯೆಲ್ಲ ಕೂಡಿ ತೀರ್ಮಾನಿಸಿದ್ದೂ ಉಂಟು. ಇನ್ನೊಂದು ಸಂಗತಿಯನ್ನು ನವೆಂಬರ್ ತಿಂಗಳಲ್ಲಿ ಹಳದಿ-ಕೆಂಪು ಬಾವುಟ ಹಿಡಿಯುವ ಕಿರಿಯರು ತಿಳಿದಿರಬೇಕು. ಆ ಬಾವುಟವನ್ನು ರೂಪಿಸಿದ ಕನ್ನಡ ಚಳವಳಿಯ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಕಾರರಾಗಿದ್ದರು. ಪಂಡಿತರು ಈ ಬರಹಗಳನ್ನು ಸಾಹಿತ್ಯ ಚರಿತ್ರೆಯ ಹೊಸ್ತಿಲು ದಾಟಲು ಬಿಡಲಿಲ್ಲ. ಆದರೆ ಅಕ್ಷರ ಕೂಡಿಸಿ ಓದುತ್ತಿದ್ದ ಎಷ್ಟೋ ಜನರನ್ನು ಸರಾಗವಾಗಿ ಓದುವವರನ್ನಾಗಿ ಮಾಡಿದ ಪುಣ್ಯ ಅವುಗಳದು. ಕಾರಂತರನ್ನೂ ಕುವೆಂಪು ಅವರನ್ನೂ ಮುಂದೆ ಓದಿದ ನಮ್ಮಲ್ಲಿ ಅನೇಕರು ಹತ್ತಿದ ಮೊದಲ ಮೆಟ್ಟಿಲು ಅದೇ.

ಇನ್ನು ದೊಡ್ಡವರ ಪತ್ತೇದಾರಿ ಕತೆಗೆ ಬರೋಣ. ಅಗಾಥಾ ಕ್ರಿಸ್ಟಿ ಮೊದಲ ಮಹಾಯುದ್ಧದ ಕಾಲದಲ್ಲಿ ಟಾರ್ಕಿ ಎಂಬ ತಮ್ಮ ಊರಿನ ಆಸ್ಪತ್ರೆಯಲ್ಲಿ ಗಾಯಾಳುಗಳ ಶುಶ್ರೂಷೆ ಮಾಡಿ, ಅನಂತರ ಔಷಧಾಲಯದಲ್ಲಿ ಕೆಲಸಕ್ಕೆ ನಿಂತರು. ವಿಷಗಳ ಗುಣ, ಪ್ರಮಾಣ ಎಲ್ಲವೂ ಅವರಿಗೆ ತಿಳಿದದ್ದು ಅಲ್ಲಿ. ಯುದ್ಧದಿಂದ ಓಡಿಬಂದ ಬೆಲ್ಜಿಯಂ ನಿರಾಶ್ರಿತರನ್ನು ಆ ಊರಿನಲ್ಲಿ ಕಂಡದ್ದರಿಂದ ಪೊಯ್ರೊ ಎಂಬ ಬೆಲ್ಜಿಯಂ ಪತ್ತೇದಾರ ಹುಟ್ಟಿದ. 1920ರಲ್ಲಿ ಅವರ ಮೊದಲ ಕಾದಂಬರಿ ಪ್ರಕಟವಾಯಿತು. ಲಕ್ಷಾಂತರ ಯುವಕರು ಕಂದಕಗಳಲ್ಲಿ ಕಾರಣವೇ ತಿಳಿಯದೆ ಸತ್ತುಹೋದ ಯುದ್ಧದ ನಂತರ, ಒಂದೇ ಒಂದು ಸಾವು, ಆ ಸಾವಿಗೊಂದು ಕಾರಣ, ಆ ಕಾರಣವನ್ನು ಕಂಡುಹಿಡಿದು ಹೇಳುವ ಒಬ್ಬ ಮನುಷ್ಯ ಎಂಬ ಕತೆಯನ್ನು ಜನ ಮುಗಿಬಿದ್ದು ಓದಿದರು. ಇತಿಹಾಸದ ವಿದ್ಯಾರ್ಥಿಗೆ ಇದು ಕಾಕತಾಳೀಯವೆಂದು ತೋರುವುದಿಲ್ಲ. ಎರಡನೆಯ ಮಹಾಯುದ್ಧದಲ್ಲಿಯೂ ಹೀಗೆಯೇ ಆಯಿತು. ಲಂಡನ್ನಿನ ಮೇಲೆ ವಿಮಾನದಾಳಿ ನಡೆಯುತ್ತಿದ್ದಾಗ, ನೆಲದಡಿಯ ಆಶ್ರಯಸ್ಥಾನಗಳ ಬಾಗಿಲಲ್ಲಿ ಪತ್ತೇದಾರಿ ಕತೆಗಳನ್ನು ಎರವಲು ಕೊಡುವ ಪುಟ್ಟ ಗ್ರಂಥಾಲಯಗಳಿದ್ದವೆಂದು ಹೋವರ್ಡ್ ಹೇಕ್ರಾಫ್ಟ್ ಎಂಬ ವಿಮರ್ಶಕರು 1941ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಬರೆದಿದ್ದಾರೆ. ತಲೆಯ ಮೇಲೆ ಬಾಂಬು ಬೀಳುತ್ತಿರುವಾಗ ಕೊಲೆಯ ಕತೆ ಓದಿ ಸಮಾಧಾನಪಡುವುದು ವಿಚಿತ್ರವಾಗಿ ಕಾಣಬಹುದು. ಆದರೆ ಮನುಷ್ಯನ ಮನಸ್ಸು ಹಾಗಿದೆ.

ಮಿಸ್ ಮಾರ್ಪಲ್ ಸೇಂಟ್ ಮೇರಿ ಮೀಡ್ ಎಂಬ ಪುಟ್ಟ ಹಳ್ಳಿಯಲ್ಲಿ ಉಣ್ಣೆ ಹೆಣೆಯುತ್ತಾ, ತೋಟದ ಕಳೆ ಕೀಳುತ್ತಾ ಇರುವವಳು. ಆಕೆಯ ವಿಧಾನವೂ ಹಳ್ಳಿಯದೇ. ಈ ದೊಡ್ಡ ಮನುಷ್ಯ ನಮ್ಮೂರಿನ ಮೀನು ಮಾರುವವನ ಹಾಗೆ, ಆ ಹೆಂಗಸು ಹಿಂದೆ ಕೆಲಸಕ್ಕಿದ್ದ ಹುಡುಗಿಯ ಹಾಗೆ ಎಂದು ಹೋಲಿಸಿ ಹೋಲಿಸಿಯೇ ಆಕೆ ಕೊಲೆಗಾರನನ್ನು ಹಿಡಿಯುತ್ತಾಳೆ. ಕ್ರಿಸ್ಟಿ ತಮ್ಮ ಅಜ್ಜಿಯನ್ನೂ ಅಜ್ಜಿಯ ಗೆಳತಿಯರನ್ನೂ ನೆನೆದು ಈ ಪಾತ್ರವನ್ನು ಕಟ್ಟಿದರು. ಎಲ್ಲರ ವಿಷಯದಲ್ಲೂ ಕೆಟ್ಟದ್ದನ್ನೇ ಊಹಿಸಿ, ಹೆಚ್ಚಿನ ಸಲ ಅದೇ ಸರಿಯೆನಿಸಿಬಿಡುವ ಅಜ್ಜಿಯಂದಿರು ನಮ್ಮ ಕೇರಿಗಳಲ್ಲಿಯೂ ಇದ್ದರಲ್ಲವೇ! ಜಗುಲಿಯ ಮೇಲೆ ಅವರೆಕಾಯಿ ಬಿಡಿಸುತ್ತಾ ಕುಳಿತ ಅವರ ಕಣ್ಣು ತಪ್ಪಿಸಿ ಯಾರೂ ಬೀದಿ ದಾಟುವಂತಿರಲಿಲ್ಲ. ಮಾರ್ಪಲ್ ಕುರಿತು ಹನ್ನೆರಡು ಕಾದಂಬರಿಗಳಿವೆ; ಕೊನೆಯದು ಪ್ರಕಟವಾದದ್ದು 1976ರಲ್ಲಿ, ಕ್ರಿಸ್ಟಿ ತೀರಿಕೊಂಡ ವರ್ಷ.

ಇಲ್ಲಿಯೂ ಪಂಡಿತರ ಆಕ್ಷೇಪಣೆ ತಪ್ಪಲಿಲ್ಲ. ಎಡ್ಮಂಡ್ ವಿಲ್ಸನ್ ಎಂಬ ಅಮೆರಿಕದ ಪ್ರಖ್ಯಾತ ವಿಮರ್ಶಕರು 1944 ಮತ್ತು 1945ರಲ್ಲಿ ಬರೆದ ಲೇಖನಗಳಲ್ಲಿ, ಈ ಕತೆಗಳನ್ನು ಓದುವುದು ಒಂದು ದುಶ್ಚಟವೆಂದೂ ಇವುಗಳಲ್ಲಿ ಯಾರು ಯಾರನ್ನು ಕೊಂದರೇನೆಂದೂ ಜರೆದರು. ಮೂರು ವರ್ಷಗಳ ಅನಂತರ ಕವಿ ಡಬ್ಲ್ಯೂ.ಎಚ್. ಆಡೆನ್ ಬೇರೆಯೇ ಮಾತು ಹೇಳಿದರು. ಈ ಕತೆಗಳ ಚಟ ತಮಗಿದೆಯೆಂದು ಒಪ್ಪಿಕೊಂಡೇ ಅವರು ಅದರ ಕಾರಣವನ್ನು ಹುಡುಕಿದರು. ಒಂದು ನಿರ್ಮಲವಾದ ಊರು, ಅಲ್ಲೊಂದು ಕೊಲೆ, ಒಡನೆಯೇ ಎಲ್ಲರ ಮೇಲೂ ಸಂಶಯ, ನಿಜವಾದ ಅಪರಾಧಿ ಸಿಕ್ಕಿದ ಮೇಲೆ ಉಳಿದವರೆಲ್ಲರೂ ಮತ್ತೆ ನಿರ್ದೋಷಿಗಳು. ಕಳೆದುಹೋದ ಮುಗ್ಧತೆ ಮರಳಿ ಬಂದಿತೆಂಬ ಭಾವನೆಯೇ ಓದುಗನ ಸುಖ ಎಂಬುದು ಅವರ ವಾದ. ಇಂಥ ಕತೆ ಹಳ್ಳಿಗಾಡಿನಲ್ಲಿ ನಡೆದರೇ ಚೆನ್ನ ಎಂದೂ ಅವರು ಭಾವಿಸಿದ್ದರು. ಕೆಸರಿನಲ್ಲಿ ಬಿದ್ದ ಕೆಸರು ಕಾಣುವುದಿಲ್ಲ. ಬಿಳಿಯ ಪಂಚೆಯ ಮೇಲೆ ಬಿದ್ದದ್ದು ಕಾಣುತ್ತದೆ.

ಇಂದು ‘ಕೋಜಿ ಮಿಸ್ಟರಿ’ ಎಂದು ಕರೆಯುವ ಬೆಚ್ಚನೆಯ ಪತ್ತೇದಾರಿ ಕತೆಗಳ ಬೇರು ಇದೇ ಮಣ್ಣಿನಲ್ಲಿದೆ. ಇವುಗಳಲ್ಲಿ ಕೊಲೆ ತೆರೆಯ ಹಿಂದೆ ನಡೆಯುತ್ತದೆ, ರಕ್ತದ ವರ್ಣನೆ ಇರುವುದಿಲ್ಲ, ತನಿಖೆ ಮಾಡುವವರು ಪುಸ್ತಕದಂಗಡಿಯವರೋ ಬೇಕರಿಯವರೋ ನಿವೃತ್ತರೋ ಆಗಿರುತ್ತಾರೆ. 1984ರಿಂದ 1996ರವರೆಗೆ ಹನ್ನೆರಡು ವರ್ಷ ಅಮೆರಿಕದ ದೂರದರ್ಶನದಲ್ಲಿ ‘ಮರ್ಡರ್, ಷಿ ರೋಟ್’ ಎಂಬ ಧಾರಾವಾಹಿ ನಡೆಯಿತು. ಆ್ಯಂಜೆಲಾ ಲ್ಯಾನ್ಸ್‌ಬರಿ ಅಭಿನಯಿಸಿದ ಅದರ ನಾಯಕಿ ಜೆಸ್ಸಿಕಾ ಫ್ಲೆಚರ್ ಒಬ್ಬ ನಿವೃತ್ತ ಶಿಕ್ಷಕಿ ಎಂಬುದನ್ನು ನಾನು ಅಭಿಮಾನದಿಂದ ಇಲ್ಲಿ ದಾಖಲಿಸುತ್ತೇನೆ! 1998ರಲ್ಲಿ ಅಲೆಕ್ಸಾಂಡರ್ ಮೆಕಾಲ್ ಸ್ಮಿತ್ ಆಫ್ರಿಕಾದ ಬೋಟ್ಸ್ವಾನಾದಲ್ಲಿ ಮಹಿಳೆಯೊಬ್ಬಳು ಪತ್ತೇದಾರಿ ಸಂಸ್ಥೆ ತೆರೆಯುವ ಕತೆಯಿಂದ ಈ ಬಗೆಯ ಸರಣಿಯನ್ನು ಆರಂಭಿಸಿದರು. 2020ರಲ್ಲಿ, ಲೋಕವೆಲ್ಲ ಕೊರೊನಾದಿಂದ ಮನೆಯೊಳಗೆ ಕುಳಿತಿದ್ದ ವರ್ಷ, ರಿಚರ್ಡ್ ಆಸ್ಮನ್ ಅವರ ‘ದಿ ಥರ್ಸ್‌ಡೇ ಮರ್ಡರ್ ಕ್ಲಬ್’ ಬಂದಿತು. ಅದರ ಪತ್ತೇದಾರರು ನಾಲ್ವರು ವೃದ್ಧರು. ವಾಸ ನಿವೃತ್ತರ ಬಡಾವಣೆಯಲ್ಲಿ. ಸಂಕಟದ ಕಾಲಕ್ಕೂ ಇಂಥ ಪುಸ್ತಕಕ್ಕೂ ಇರುವ ನಂಟು ಮತ್ತೊಮ್ಮೆ ಕಾಣಿಸಿಕೊಂಡಿತು.

ಈಗ ನನ್ನ ಪ್ರಶ್ನೆಗೆ ಮರಳುತ್ತೇನೆ. ಹುಡುಗಿಯ ಕತೆ ಓದಿದವರು ಮುದುಕಿಯ ಕತೆಗೆ ಏಕೆ ಬರುತ್ತಾರೆ? ಎರಡು ಪಾತ್ರಗಳಿಗೂ ಇರುವ ಒಂದು ಸಮಾನ ಗುಣವನ್ನು ಗಮನಿಸಿ. ಹದಿನಾರರ ಹುಡುಗಿಯ ಮಾತನ್ನು ಯಾರೂ ಲಕ್ಷಿಸುವುದಿಲ್ಲ. ಎಪ್ಪತ್ತರ ಮುದುಕಿಯನ್ನಂತೂ ಕೋಣೆಯಲ್ಲಿ ಇದ್ದಾಳೆಂದೇ ಜನ ಎಣಿಸುವುದಿಲ್ಲ. ದೊಡ್ಡವರು ಮಕ್ಕಳ ಎದುರು ಗುಟ್ಟು ಮಾತನಾಡುತ್ತಾರೆ, ಇವಕ್ಕೇನು ಅರ್ಥವಾಗುತ್ತದೆ ಎಂದು. ಮುದುಕರ ಎದುರೂ ಮಾತನಾಡುತ್ತಾರೆ, ಇವರಿಗೇನು ಕೇಳಿಸುತ್ತದೆ ಎಂದು. ಹಾಗೆ ಕಡೆಗಣಿಸಲ್ಪಟ್ಟವರೇ ಎಲ್ಲವನ್ನೂ ನೋಡುತ್ತಾರೆ, ಎಲ್ಲವನ್ನೂ ಕೇಳುತ್ತಾರೆ, ಕೊನೆಗೆ ಅವರ ಮಾತೇ ನಿಜವಾಗುತ್ತದೆ. ಜೀವನದ ಎರಡು ತುದಿಗಳಲ್ಲಿ ಮನುಷ್ಯನಿಗೆ ಈ ಭರವಸೆ ಬೇಕಾಗುತ್ತದೆ. ನಡುವಿನ ವರ್ಷಗಳಲ್ಲಿ ನೌಕರಿ, ಸಂಸಾರ, ಸಾಲ, ಬಡ್ತಿ ಇವುಗಳ ಗದ್ದಲದಲ್ಲಿ ನಮಗೊಂದು ಸ್ಥಾನವಿರುತ್ತದೆ. ನಿವೃತ್ತಿಯ ಮರುದಿನ ಕಚೇರಿಯ ಬಾಗಿಲಲ್ಲಿ ನಿಂತವರಿಗೆ ನಾನು ಹೇಳುವುದು ಅರ್ಥವಾದೀತು. ಮಿಸ್ ಮಾರ್ಪಲ್ ಅಂಥವರ ಕಿವಿಯಲ್ಲಿ, ನೀವು ಕಂಡದ್ದಕ್ಕೆ ಇನ್ನೂ ಬೆಲೆಯಿದೆ ಎನ್ನುತ್ತಾಳೆ.

ಆದರೆ ಹಂಬಲಕ್ಕೂ ಇತಿಹಾಸಕ್ಕೂ ಇರುವ ವ್ಯತ್ಯಾಸವನ್ನು ಮರೆಯಬಾರದು. ನೆನಪಿನಲ್ಲಿ ಉಳಿದ ಪುಸ್ತಕ ಬೇರೆ, ಕೈಗೆ ಸಿಗುವ ಪುಸ್ತಕ ಬೇರೆ ಆಗಿರಬಹುದು. 1959ರಿಂದ ಮೊದಲ್ಗೊಂಡು ನ್ಯಾನ್ಸಿ ಡ್ರೂ ಮತ್ತು ಹಾರ್ಡಿ ಬಾಯ್ಸ್ ಸರಣಿಗಳ ಹಳೆಯ ಪುಸ್ತಕಗಳನ್ನು ಸಂಸ್ಥೆಯೇ ತಿದ್ದಿ ಬರೆಸಿತು. 25 ಅಧ್ಯಾಯಗಳು 20 ಆದವು. ಹದಿನಾರರ ನ್ಯಾನ್ಸಿಗೆ ಹದಿನೆಂಟಾಯಿತು. ತಿದ್ದಲು ಒಳ್ಳೆಯ ಕಾರಣವೂ ಇತ್ತು. ಮೊದಲ ಪುಸ್ತಕಗಳಲ್ಲಿ ಕರಿಯರನ್ನೂ ವಲಸಿಗರನ್ನೂ ಕೀಳಾಗಿ, ಹಾಸ್ಯಾಸ್ಪದವಾಗಿ ಚಿತ್ರಿಸಿದ ಭಾಗಗಳಿದ್ದವು. ಅವುಗಳನ್ನು ತೆಗೆಯುವಾಗ ಆ ಪಾತ್ರಗಳನ್ನು ಗೌರವದಿಂದ ಮರಳಿ ಬರೆಯುವ ಬದಲು ಎಷ್ಟೋ ಕಡೆ ಪಾತ್ರಗಳನ್ನೇ ತೆಗೆದುಹಾಕಿದರು. ಜೊತೆಗೆ ನ್ಯಾನ್ಸಿಯ ದಿಟ್ಟತನವೂ ಸ್ವಲ್ಪ ಮಾಸಿ, ಆಕೆ ಹೆಚ್ಚು ಸಭ್ಯಳಾದಳು. ಮಿಲ್ಡ್ರೆಡ್ ಅವರಿಗೆ ಈ ಸೌಮ್ಯ ನ್ಯಾನ್ಸಿ ಹಿಡಿಸಲಿಲ್ಲ. ಅಜ್ಜಿ ಓದಿದ ನ್ಯಾನ್ಸಿಯೂ ಮೊಮ್ಮಗಳು ಓದಿದ ನ್ಯಾನ್ಸಿಯೂ ಒಬ್ಬಳೇ ಅಲ್ಲ. ಅಮೆರಿಕದ ಕಾನೂನಿನಂತೆ ಮೊದಲ ಹಾರ್ಡಿ ಬಾಯ್ಸ್ ಪುಸ್ತಕಗಳು 2023ರಲ್ಲಿ, ನ್ಯಾನ್ಸಿಯ 1930ರ ಪುಸ್ತಕಗಳು 2026ರಲ್ಲಿ ಹಕ್ಕುಸ್ವಾಮ್ಯದಿಂದ ಮುಕ್ತವಾದವು. ಇನ್ನು ಮುಂದೆ ಮೂಲ ಪಾಠವನ್ನು, ಅದರ ಗುಣದೋಷಗಳೊಂದಿಗೆ, ಯಾರು ಬೇಕಾದರೂ ಅಚ್ಚು ಹಾಕಬಹುದು. ದೋಷಗಳಿರುವುದೆಂದು ಬಚ್ಚಿಡುವುದಕ್ಕಿಂತ, ಮಗುವಿನ ಪಕ್ಕದಲ್ಲಿ ಕುಳಿತು ಇದು ಏಕೆ ತಪ್ಪೆಂದು ಹೇಳಿಕೊಡುವುದು ಮೇಲು. ಇದು ಇತಿಹಾಸದ ಯಾವ ದಾಖಲೆಗಾದರೂ ಸಲ್ಲುವ ಮಾತು.

ನಮ್ಮ ನರಸಿಂಹಯ್ಯನವರು 2011ರಲ್ಲಿ ತೀರಿಕೊಂಡರು. ಅವರ ಐನೂರು ಪುಸ್ತಕಗಳಲ್ಲಿ ಇಂದು ಅಂಗಡಿಗಳಲ್ಲಿ ಕಾಣುವವು ಬಹಳ ಕಡಿಮೆ. ಅಗ್ಗದ ಕಾಗದದ ಮೇಲೆ ಅಚ್ಚಾದ ಪುಸ್ತಕಗಳಿಗೆ ಆಯುಷ್ಯ ಕಡಿಮೆ. ಗೆದ್ದಲಿಗೂ ಹಳೆಯ ಪೇಪರಿನವನಿಗೂ ಅವು ಮೊದಲ ಆಹಾರ. ಅಮೆರಿಕದವರು ಹೆಸರಿಲ್ಲದ ಲೇಖಕಿಯನ್ನು ಐವತ್ತು ವರ್ಷಗಳ ನಂತರವಾದರೂ ಹುಡುಕಿ ಸನ್ಮಾನಿಸಿದರು, ಹಸ್ತಪ್ರತಿಗಳನ್ನೂ ಕರಾರುಪತ್ರಗಳನ್ನೂ ಗ್ರಂಥಾಲಯಗಳಲ್ಲಿ ಜೋಪಾನ ಮಾಡಿದರು. ನಾವು ರಟ್ಟಿನ ಮೇಲೆ ಹೆಸರಿದ್ದ ಲೇಖಕರ ಪುಸ್ತಕಗಳನ್ನೇ ಕಳೆದುಕೊಳ್ಳುತ್ತಿದ್ದೇವೆ. ಆದುದರಿಂದ ನನ್ನ ವಿದ್ಯಾರ್ಥಿಗಳಲ್ಲಿಯೂ ಬಂಧುಗಳಲ್ಲಿಯೂ ಒಂದು ಕೋರಿಕೆ. ಊರಿನ ಮನೆಯ ಅಟ್ಟದಲ್ಲಿ, ಹಳೆಯ ಟ್ರಂಕಿನಲ್ಲಿ ಇಂಥ ಪುಸ್ತಕವೊಂದು ಸಿಕ್ಕರೆ ತೂಕಕ್ಕೆ ಹಾಕಬೇಡಿ. ಧೂಳು ಕೊಡವಿ, ಮೊದಲ ಪುಟದಲ್ಲಿ ಯಾರ ಹೆಸರಿದೆ, ಯಾವ ಇಸವಿಯಿದೆ, ಬೆಲೆ ಎಷ್ಟಿದೆ ಎಂದು ನೋಡಿ ಬರೆದಿಡಿ. ಮನೆಯಲ್ಲಿ ಮಕ್ಕಳಿದ್ದರೆ ಒಂದು ಅಧ್ಯಾಯ ಓದಿ ಹೇಳಿ, ಕುತೂಹಲದ ಜಾಗದಲ್ಲಿ ನಿಲ್ಲಿಸಿ. ಮುಂದಿನದನ್ನು ಅವರೇ ಓದಿಕೊಳ್ಳುತ್ತಾರೆ. ಸ್ಟ್ರೇಟ್‌ಮೇಯರ್ ಅವರಿಗೆ ತಿಳಿದಿದ್ದ ಗುಟ್ಟು ಅದೊಂದೇ.